ನಲವತ್ತಮೂರನೆಯ ಪುಸ್ತಕ

ಮಗಳ ಶಾಲೆಗೆ ನಾನು ಜಗಳವಾಡಲೆಂದೇ ಹೋಗಿದ್ದೆ. ಅದಕ್ಕಾಗಿ ಅರ್ಧ ದಿನ ರಜೆ ಹಾಕಿದ್ದೆ. ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾದ ನನ್ನಂಥ ಟೀಚರಿಗೆ ರಜೆ ಕೊಡುವುದೆಂದರೆ ನಮ್ಮ ಹೆಡ್‌ಮಾಸ್ಟರಿಗೆ ಹಲ್ಲು ಕಿತ್ತುಕೊಟ್ಟಷ್ಟು ಸಂಕಟ.

ಎಂಟು ವರ್ಷದ ನನ್ನ ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಅವಳು ಲೋಟ ಬಿಟ್ಟು ಪಕ್ಕಕ್ಕೆ ನೀರು ಸುರಿಯುವುದನ್ನು ಕಂಡು ಅತ್ತೆಯೇ ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದ್ದರು. ಎಡಗಣ್ಣು ತೀರಾ ಮಂದವಾಗಿದೆ, ಬಲಗಣ್ಣಿಗೂ ದೂರದ್ದು ಸರಿಯಾಗಿ ಕಾಣುತ್ತಿಲ್ಲ, ಕನ್ನಡಕ ಹಾಕಿ ನೋಡೋಣ, ಎಡಗಣ್ಣು ಎಷ್ಟು ಸುಧಾರಿಸುತ್ತದೋ ಹೇಳಲಾರೆ, ಈ ವಯಸ್ಸಿನಲ್ಲಿ ಒಂದೊಂದು ತಿಂಗಳೂ ಮುಖ್ಯ ಎಂದಿದ್ದರು ಡಾಕ್ಟರು. ನನ್ನ ಗಂಡನ ಪಾಲಿನ ಮಾತನ್ನೂ ನಾನೇ ಆಡಿದೆ. ದಿನಕ್ಕೆ ಆರು ಗಂಟೆ ಮಗುವನ್ನು ಎದುರಿಗೆ ಕೂರಿಸಿಕೊಳ್ಳುವ ಆ ಟೀಚರಿಗೆ ಇದು ತಿಳಿಯಲಿಲ್ಲವೇ ಎಂದು ಕೂಗಾಡಿದೆ.

ಗುಬ್ಬಿಯ ಕ್ಲಾಸ್ ಟೀಚರು ಈ ವರ್ಷ ನಿವೃತ್ತರಾಗುವ ಹೆಂಗಸು. ಅವರ ಮುಂದೆಯೂ ಅದನ್ನೇ ಕೂಗಾಡಿದೆ.

"ನಾನೂ ಟೀಚರೇ ಮೇಡಂ," ಎಂದೆ. "ನಲವತ್ತೆರಡು ಮಕ್ಕಳಿದಾರೆ. ಯಾರಿಗೆ ಏನು ತೊಂದರೆ ಅಂತ ನನಗೆ ಗೊತ್ತಿರುತ್ತೆ."

ಅವರು ಗುಬ್ಬಿಯ ಡೈರಿ ತರಿಸಿ ನನ್ನ ಮುಂದಿಟ್ಟರು. "ಮೂರು ಸಲ ಬರೆದೆನಲ್ಲಮ್ಮ. ನೀವು ನೋಡಿ ಸಹಿ ಮಾಡಿದೀರಿ. ಡಾಕ್ಟರಿಗೆ ತೋರಿಸ್ತಿದೀರಿ ಅಂತಲೇ ಅಂದ್ಕೊಂಡಿದ್ದೆ."

ಮಗುವಿಗೆ ಬೋರ್ಡು ಕಾಣುತ್ತಿಲ್ಲ, ದಯವಿಟ್ಟು ಕಣ್ಣು ತೋರಿಸಿ. ಮೂರು ಬೇರೆ ಬೇರೆ ದಿನಗಳಲ್ಲಿ ಅದನ್ನೇ ಬರೆದಿದ್ದರು. ಮೂರರ ಕೆಳಗೂ ಕೆಂಪು ಇಂಕಿನಲ್ಲಿ ಒಂದು ರೈಟು, ತಾರೀಖು, ನನ್ನ ಸಹಿ.

ಇದನ್ನು ನಾನು ಕಂಡೇ ಇರಲಿಲ್ಲ, ಆದರೆ ಆ ಸಹಿ ನನ್ನದೇ.

ಸಂಜೆ ಮನೆಗೆ ಬಂದವಳು ಚಹಾ ಆರುವ ಮುಂಚೆ ನನ್ನ ನಲವತ್ತೆರಡು ಮಕ್ಕಳ ಕಾಪಿ ಪುಸ್ತಕ ತಿದ್ದಲು ಕೂರುತ್ತೇನೆ. ಗುಬ್ಬಿ ಏನಾದರೂ ಹೇಳಲು ಬಂದರೆ, ಇದು ಮುಗಿಯಲಿ ಇರೇ ಎನ್ನುತ್ತೇನೆ. ಬೇಗ ಮುಗಿಯಲಿ ಎಂದು ಅವಳೇ ಒಂದೊಂದು ಪುಸ್ತಕವನ್ನೂ ತಿದ್ದಬೇಕಾದ ಪುಟಕ್ಕೆ ತೆರೆದು, ಒಂದರ ಮೇಲೊಂದು ಪೇರಿಸಿಕೊಡುತ್ತಾಳೆ. ನಾನು ರೈಟು ಹಾಕುತ್ತೇನೆ, ಎತ್ತಿಡುತ್ತೇನೆ. ಇಪ್ಪತ್ತು ದಾಟಿದ ಮೇಲೆ ಕೈ ಓಡುತ್ತದೆ, ತಲೆ ಓಡುವುದಿಲ್ಲ. ಆ ಕಟ್ಟಿನೊಳಗೆ ಅವಳು ತನ್ನ ಡೈರಿಯನ್ನೂ ತೆರೆದಿಟ್ಟಿದ್ದಳು. ನಾನು ತಪ್ಪದೆ ನೋಡುವ ಜಾಗ ಅದೊಂದೇ ಎಂದು ಅವಳಿಗೆ ಗೊತ್ತಿತ್ತು.

ಬೇರೆ ಏನು ಮಾಡಬೇಕೆಂದು ತಿಳಿಯದೆ ಹಾಳೆ ಮಗುಚುತ್ತಾ ಹೋದೆ. ಡೈರಿಯ ಕೊನೆಯಲ್ಲಿ, ಕ್ಲಾಸ್ ಟೀಚರೂ ತೆರೆದು ನೋಡದ ಖಾಲಿ ಹಾಳೆಗಳಲ್ಲಿ, ಗುಬ್ಬಿಯ ಕೈಬರಹವಿತ್ತು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಹರಿದಾಡಿದ್ದವು.

"ಅಮ್ಮ ನನಗೆ ಬೋರ್ಡು ಕಾಣಲ್ಲ."

ಅದರ ಕೆಳಗೆ ನನ್ನ ಕೆಂಪು ಇಂಕು: "ಅಕ್ಷರ ದುಂಡಗಿರಲಿ. ಮತ್ತೆ ಬರೆ."

ಮುಂದಿನ ಹಾಳೆ ತಿರುಗಿಸಿದೆ. ಅಲ್ಲಿ ಮಾರನೆಯ ದಿನದ ತಾರೀಖು. ಅದೇ ಮಾತನ್ನು ಗುಬ್ಬಿ ಹತ್ತು ಸಲ ಬರೆದಿದ್ದಳು, ಒತ್ತಿ ಒತ್ತಿ, ಎಷ್ಟಾಗುತ್ತದೋ ಅಷ್ಟು ದುಂಡಗೆ. ಕೆಳಗೆ ನಾನು "ಚೆನ್ನಾಗಿದೆ" ಎಂದು ಬರೆದು ಸಹಿ ಹಾಕಿದ್ದೆ.