ಕಣಕ ನನಗೆ, ಹೂರಣ ಮಾವನಿಗೆ

ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಿಂದ ಚರಪರ ಎಂದು ಸದ್ದು ಕೇಳಿಸಿತು. ಪ್ಲಾಸ್ಟಿಕ್ ಚೀಲವನ್ನು ಯಾರೋ ಬಹಳ ಎಚ್ಚರಿಕೆಯಿಂದ ಬಿಚ್ಚುತ್ತಿದ್ದರು. ಎಚ್ಚರಿಕೆ ಹೆಚ್ಚಿದಷ್ಟೂ ಆ ಚೀಲ ಹೆಚ್ಚು ಸದ್ದು ಮಾಡುತ್ತದೆ. ಈ ವಿಷಯದಲ್ಲಿ ನನಗೆ ಹನ್ನೊಂದು ತಿಂಗಳ ಅನುಭವವಿದೆ.

ನಾನು ಬಾಗಿಲಲ್ಲೇ ನಿಂತೆ. ಕೈಯಲ್ಲಿ ಕರವಸ್ತ್ರದ ಗಂಟು. ಗಂಟಿನಲ್ಲಿ ಬೆಳಗಿನ ತಿಂಡಿಯ ಮೂರು ಬಾವ್ಜಿಗಳ ಹೂರಣ.

ಭಾನುವಾರ ಎಂದರೆ ನಮ್ಮ ಮನೆಯಲ್ಲಿ ಬಾವ್ಜಿ, ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ. ಅತ್ತೆ ಉತ್ತರ ಚೀನಾದ ಈ ಬಾವೊದಿಂಗ್ ಊರಿನ ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಬಾವ್ಜಿ ಹಬೆಗಿಟ್ಟವರು. ಸಾವಿರದ ಇನ್ನೂರು ಜನಕ್ಕೆ ಬೇಯಿಸಿದರೂ ಹಿಟ್ಟಾಗಲಿ ಹೂರಣವಾಗಲಿ ಒಂದು ಹಿಡಿ ಹೆಚ್ಚಾಗಿಲ್ಲ, ಕಡಿಮೆಯಾಗಿಲ್ಲ ಎಂಬುದು ಅವರ ಹೆಮ್ಮೆ. ಪ್ರತಿಯೊಂದರ ತಲೆಯ ಮೇಲೆ ಹದಿನೆಂಟು ನೆರಿಗೆ, ಒಳಗೆ ಹಂದಿಮಾಂಸ ಮತ್ತು ಸೋಂಪಿನ ಸೊಪ್ಪು. ಇಲ್ಲಿಯವರಿಗೆ ಆ ಸೊಪ್ಪು ಎಂದರೆ ಪ್ರಾಣ. ನಾನು ದಕ್ಷಿಣದ ಅಕ್ಕಿಯ ಸೀಮೆಯವಳು. ಅದರ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮದುವೆಯಾದ ಮೊದಲ ಭಾನುವಾರದಿಂದಲೂ ಅಂಚಿನಿಂದ ಕಣಕವನ್ನು ಚೂರುಚೂರಾಗಿ ಹರಿದು ತಿನ್ನುತ್ತೇನೆ. ಹೂರಣ ಹತ್ತಿಯ ಕೋಟಿನ ತೋಳಿನೊಳಗೆ ಹೋಗುತ್ತದೆ.

ಹೇಳಿಬಿಡಬಹುದಿತ್ತಲ್ಲ ಎನ್ನಬೇಡಿ. ಎದುರು ಮನೆಯ ಮಿಯಾವ್ ಚಿಕ್ಕಮ್ಮ ಒಮ್ಮೆ "ಕಣಕ ಸ್ವಲ್ಪ ದಪ್ಪ ಆಯ್ತೇನೋ" ಎಂದದ್ದಕ್ಕೆ ಅತ್ತೆ ಮೂರು ವರ್ಷ ಅವರೊಂದಿಗೆ ಮಾತು ಬಿಟ್ಟಿದ್ದರು. ಅವರಿಗಾದರೆ ನಡುವೆ ಒಂದು ಓಣಿಯಿತ್ತು. ನಾನು ಇದೇ ಎರಡು ಕೋಣೆಯಲ್ಲಿ ಬಾಳಬೇಕು.

ದೀಪ ಹಾಕಿದೆ. ಒಳ ಅಂಗಿಯಲ್ಲಿ ಮಾವ ನಿಂತಿದ್ದರು. ಕೈಯಲ್ಲಿ ಚೀಲ, ಚೀಲದೊಳಗೆ ಬಿಳಿ ಕಣಕದ ಚೂರುಗಳು. ಬಾಯಲ್ಲಿ ಹಲ್ಲಿರಲಿಲ್ಲ.

"ದೀಪ ಆರ್ಸು ತಾಯಿ," ಎಂದರು.

"ಅಪ್ಪಾ, ಇದೇನು?"

"ನಿನ್ ಕೈಲಿರೋದೇನು, ಅದನ್ನ ಮೊದ್ಲು ಹೇಳು."

ತೋರಿಸಿದೆ. ಮಾವ ಮೂಸಿ ನೋಡಿ, ಸತ್ತವರ ಮನೆಯಲ್ಲಿ ನಿಂತವರಂತೆ ತಲೆಯಾಡಿಸಿದರು. "ಅಯ್ಯೋ ಪಾಪಿ, ಇಂಥಾ ಹೂರಣ ಕಸಕ್ಕೆ ಹಾಕ್ತೀಯಾ?"

"ಮತ್ತೆ ನೀವು? ಅಮ್ಮ ಇಡೀ ರಾತ್ರಿ ಹುದುಗಿಸಿದ ಹಿಟ್ಟು!"

"ಕಟ್ಟಿಸ್ಕೊಂಡ ಹಲ್ಲಿಗೆ ಅಂಟುತ್ತೆ ಕಣೇ. ಮೇಲಿನ ಸಾಲು ಕೆಳಗಿನ ಸಾಲಿನ ಜೊತೆ ಹೊರಟೇ ಹೋಗುತ್ತೆ. ಹಲ್ಲು ಕಟ್ಟಿದ್ದು ನನ್ ಚದುರಂಗದ ಗೆಳೆಯ. ಅವನ ಹತ್ರ ಹೋಗ್ಬೇಡಿ ಅಂತ ನಿಮ್ಮತ್ತೆ ಬಡ್ಕೊಂಡಿದ್ಳು. ಈಗ ಅಂಟುತ್ತೆ ಅಂದ್ರೆ ನನ್ನ ಗತಿ?"

ಇಬ್ಬರೂ ಸ್ವಲ್ಪ ಹೊತ್ತು ಕಸದ ಬುಟ್ಟಿಯನ್ನು ನೋಡಿದೆವು. ಒಪ್ಪಂದವಾಗಲು ಹೆಚ್ಚು ಮಾತು ಬೇಕಾಗಲಿಲ್ಲ.

ಮುಂದಿನ ಭಾನುವಾರ ನಾನು ಮಾವನ ಪಕ್ಕದಲ್ಲಿ ಕುಳಿತೆ. ನನ್ನ ಗಂಡ ಹೊಂಗ್‌ಯಿ ಎದುರಿಗೆ, ಎಂದಿನಂತೆ ಬಾವ್ಜಿಯ ತಲೆಗೆ ಊಟದ ಕಡ್ಡಿಯಿಂದ ತೂತು ಹೊಡೆದು, ಅದರೊಳಗೆ ವಿನೆಗರ್ ಸುರಿದು, ಒಂದು ತುತ್ತಿಗೆ ಒಂದು ಹಸಿ ಬೆಳ್ಳುಳ್ಳಿ ಕಡಿಯುತ್ತಿದ್ದ. ಅತ್ತೆ ಮೊದಲು ನೆರಿಗೆ ಎಣಿಸುತ್ತಾರೆ, ಆಮೇಲೆ ಹೊಟ್ಟೆ ಚಿವುಟಿ ನೋಡುತ್ತಾರೆ, ಅದು ಉಬ್ಬಿ ಮೇಲೆದ್ದರೆ ಮಾತ್ರ ಕಚ್ಚುತ್ತಾರೆ. ಅವರು ಎಣಿಸುವಷ್ಟು ಹೊತ್ತು ನಮಗೆ ಸಾಕಾಗಿತ್ತು. ಮೇಜಿನ ಕೆಳಗೆ ನನ್ನ ಎಡಗೈಗೆ ಕಣಕ ಬಂತು, ಬಲಗೈಯಿಂದ ಹೂರಣ ಹೋಯಿತು.

"ಇವತ್ತು ಇಬ್ರೂ ಚೆನ್ನಾಗಿ ತಿಂತಿದ್ದೀರಿ," ಎಂದರು ಅತ್ತೆ.

"ನಿನ್ ಕೈಗುಣ," ಎಂದರು ಮಾವ, ಮೂರನೆಯ ಹೂರಣಕ್ಕೆ ಕೈ ಚಾಚುತ್ತ.

ಅಷ್ಟರಲ್ಲಿ ಅತ್ತೆಯ ಒಂದು ಕಡ್ಡಿ ಜಾರಿ ಕೆಳಗೆ ಬಿತ್ತು. ಅವರು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ನನ್ನ ಅಂಗೈಯಲ್ಲಿ ಮಾವನ ಕಣಕ ಆಗಷ್ಟೇ ಬಂದು ಕೂತಿತ್ತು. ಮುಚ್ಚಲೂ ಆಗದೆ, ಎಳೆದುಕೊಳ್ಳಲೂ ಆಗದೆ ಕೈ ಹಾಗೇ ನಿಂತಿತು.

"ಸೊಂಟ ಹಿಡ್ಕೊಂಡ್ತಾ ಅಮ್ಮಾ?" ಎಂದ ಹೊಂಗ್‌ಯಿ.

"ಕಡ್ಡಿ ಸಿಗ್ಲಿಲ್ಲ," ಎಂದು ಅತ್ತೆ ಎದ್ದರು. ಕಡ್ಡಿ ಅವರ ಕೈಯಲ್ಲೇ ಇತ್ತು. ಬಹಳ ಹೊತ್ತಿನಿಂದ ಇದ್ದಂತೆ ಬಿಗಿಯಾಗಿ ಹಿಡಿದಿದ್ದರು.

ಮಾವ ಏನನ್ನೂ ಗಮನಿಸಲಿಲ್ಲ. ಆ ವಾರವಿಡೀ ನಾನೊಬ್ಬಳೇ ಬೆಂದೆ. ಅತ್ತೆ ಮಂಗಳವಾರ "ಬಾಗ್ಲು ಹಾಕು" ಎಂದರು. ಅದರಲ್ಲಿ ಏನೋ ಇದೆ ಅನ್ನಿಸಿತು. ಗುರುವಾರ ಏನೂ ಹೇಳಲಿಲ್ಲ; ಅದರಲ್ಲಿ ಇನ್ನೂ ಹೆಚ್ಚು ಇದೆ ಅನ್ನಿಸಿತು. ಕ್ಷಮೆ ಕೇಳಲು ಮೂರು ವಾಕ್ಯ ಜೋಡಿಸಿಕೊಂಡೆ. ಮೂರರಲ್ಲೂ ಮಾವನ ಹಲ್ಲು ಬಯಲಾಗುತ್ತಿತ್ತು.

ಭಾನುವಾರ ಬಂತು. ಬಿದಿರಿನ ಹಬೆಬುಟ್ಟಿಯ ಮುಚ್ಚಳ ತೆಗೆದಾಗ ಒಳಗೆ ಮೂರು ತರಹ ಇತ್ತು. ಮಾವನ ಮುಂದೆ ಅತ್ತೆ ಒಂದು ಬಟ್ಟಲು ಇಟ್ಟರು: ಕಣಕವಿಲ್ಲದೆ ಬೆಂದ ಹೂರಣದ ಉಂಡೆಗಳು. "ಹಿಟ್ಟು ಸಾಲ್ಲಿಲ್ಲ." ನನ್ನ ಮುಂದೆ ನಾಲ್ಕು ಬೋಳು ಉಂಡೆ, ಒಳಗೆ ಏನೂ ಇಲ್ಲ. "ಹೂರಣ ಸಾಲ್ಲಿಲ್ಲ." ತಮಗೂ ಮಗನಿಗೂ ಬಾವ್ಜಿ.

ಹೊಂಗ್‌ಯಿ ಕಡ್ಡಿ ಕೆಳಗಿಟ್ಟ. "ಅಮ್ಮಾ, ಅಪ್ಪನ ಹೂರಣಾನ ಇವಳ ಹಿಟ್ಟೊಳಗೆ ತುಂಬಿದ್ರೆ ಎರಡೂ ಸಾಲ್ತಿತ್ತಲ್ಲ!"

"ಬಾಯಿ ಖಾಲಿ ಇದ್ರೆ ಬೆಳ್ಳುಳ್ಳಿ ಹಾಕ್ಕೋ."

ನವಣೆ ಗಂಜಿಗೆ ಸಕ್ಕರೆ ಕೇಳಲು ಬಂದ ಮಿಯಾವ್ ಚಿಕ್ಕಮ್ಮ ತೆರೆದ ಬಾಗಿಲಲ್ಲಿ ನಿಂತು ಎಲ್ಲ ನೋಡಿಬಿಟ್ಟರು. ಅವರ ಮುಖ ಹಬ್ಬದಂತಾಯಿತು. "ಅಯ್ಯೋ ಅಕ್ಕಾ, ನಿಮ್ ಅಳತೇನೂ ತಪ್ಪೋ ದಿನ ಬಂತಾ?"

ಅತ್ತೆ ಸಕ್ಕರೆ ಡಬ್ಬಿ ತೆಗೆದರು, ಚಮಚ ಹುಡುಕಿದರು, ಚಿಕ್ಕಮ್ಮನ ಲೋಟ ತುಂಬಿಸಿದರು.

"ಹೂಂ. ವಯಸ್ಸಾಯ್ತು. ತಪ್ತು," ಎಂದರು.

ಚಿಕ್ಕಮ್ಮ ಹೋದಮೇಲೆ ಅವರ ಚಪ್ಪಲಿ ಸದ್ದು ಸೀದಾ ಮನೆಗೆ ಹೋಗಲಿಲ್ಲ. ಓಣಿಯುದ್ದಕ್ಕೂ ಒಂದೊಂದು ಬಾಗಿಲಲ್ಲಿ ನಿಂತು ನಿಂತು ಹೋಯಿತು. ಅತ್ತೆ ಅದನ್ನು ಕೇಳುತ್ತಲೇ ತಮ್ಮ ಬಾವ್ಜಿಯ ಹೊಟ್ಟೆ ಚಿವುಟಿ ನೋಡಿ ಕಚ್ಚಿದರು. ನೆರಿಗೆ ಎಣಿಸಲಿಲ್ಲ.

ಉಂಡೆ ಮೆತ್ತಗಿತ್ತು, ಸಣ್ಣಗೆ ಸಿಹಿಯಾಗಿತ್ತು. ನಾಲ್ಕನ್ನೂ ತಿಂದೆ.

ಅತ್ತೆ ಪಾತ್ರೆ ತೆಗೆದುಕೊಂಡು ಒಳಗೆ ಹೋದಾಗ ಮಾವ ನನ್ನ ಕಿವಿಯ ಬಳಿ ಬಗ್ಗಿದರು. ಮುಖ ಅರಳಿತ್ತು. "ನಮ್ ಅದೃಷ್ಟ ನೋಡ್ದ್ಯಾ! ಇಪ್ಪತ್ತಾರು ವರ್ಷದಲ್ಲಿ ತಪ್ಪದ ಅಳತೆ ಇವತ್ತೇ ತಪ್ಬೇಕಾ? ಅವಳಿಗೆ ಒಂಚೂರೂ ಅನುಮಾನ ಇಲ್ಲ. ಪಾಪ, ನಿಜವಾಗ್ಲೂ ವಯಸ್ಸಾಯ್ತು ಕಣೇ ಅವಳಿಗೆ."

ಬಾಯಿ ತೆರೆದೆ. ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತ್ತು, ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

"ಹೌದಪ್ಪಾ," ಎಂದೆ. ಮೇಜಿನ ಕೆಳಗೆ ಅತ್ತೆ ಕಂಡದ್ದನ್ನು ಮಾವನಿಗಾಗಲಿ, ಗಂಡನಿಗಾಗಲಿ, ಓಣಿಯ ಯಾವ ಬಾಗಿಲಿಗಾಗಲಿ ನಾನು ಹೇಳುವುದಿಲ್ಲ. ಅಷ್ಟು ತೀರ್ಮಾನವಾದ ಮೇಲೆ ಒಳಗೆ ನಲ್ಲಿ ಮತ್ತೆ ತೆರೆದುಕೊಂಡಿತು.