ಐಸ್ ಆಗದ ನಳದ ನೀರು

ಮೂವತ್ತೊಂದು ವರ್ಷ ಊರಿನ ನಳಗಳಿಗೆ ನೀರು ಬಿಟ್ಟ ನೀರಗಂಟಿ ನಮ್ಮಪ್ಪ ಗಾಳೆಪ್ಪ. ಅನ್ನ ಚೆನ್ನಾಗಿಲ್ಲವೆಂದು ಹೆಸರಿಟ್ಟರೆ ಸುಮ್ಮನಿರುತ್ತಾನೆ, ನೀರಿಗೆ ಹೆಸರಿಟ್ಟರೆ ಊಟ ಬಿಟ್ಟು ಏಳುತ್ತಾನೆ. ಈಗ ಓಣಿಯವರೆಲ್ಲ ಕುಡಿಯುವುದು ಕ್ಯಾನಿನ ನೀರು, ನಳದ್ದು ಬಟ್ಟೆಗೆ, ಪಾತ್ರೆಗೆ ಅಷ್ಟೇ. ಅಪ್ಪನಿಗೆ ಅದೊಂದು ಸಂಕಟ. ಅದಕ್ಕೇ ನಿವೃತ್ತನಾದ ಮರುದಿನ ಎಲ್ಲರನ್ನೂ ಶರಬತ್ತಿಗೆ ಕರೆದ. ನೀರು ಹಿಂದಿನ ದಿನ ತಾನೇ ಕೊನೆಯ ಸಲ ಬಿಟ್ಟದ್ದು, ಐಸ್ ಮಾತ್ರ ನನ್ನ ಹೆಂಡತಿ ರೇಖಾ ತಂದ ಹೊಸ ಫ್ರಿಜ್ಜಿನದು.

ಸಂಜೆ ಜನ ಸೇರಿದರು. ರೇಖಾ ಐಸಿನ ತಟ್ಟೆ ಬಗ್ಗಿಸಿದರೆ ತುಂಡುಗಳ ಬದಲು ಬೆಳ್ಳಗಿನ ಗಂಜಿ ಜಾರಿತು. ಅದನ್ನೇ ಶರಬತ್ತಿಗೆ ಹಾಕಿ ಕೊಟ್ಟೆವು. ಕಿರಾಣಿ ಅಂಗಡಿಯ ಏಕಾಂತಪ್ಪ ಒಂದು ಗುಟುಕು ಕುಡಿದು ಮುಖ ಹಿಂಡಿದ.

“ಏನ್ ನೀರೋ ಗಾಳೆಪ್ಪ ಇದು? ಬರೇ ಉಪ್ಪುಪ್ಪು ಐತಿ! ಐಸ್ ಸೈತ ಆಗಿಲ್ಲ.”

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ರೇಖಾ ಸುಮ್ಮನಿರಬಾರದೇ? “ನೀರಾಗ ಉಪ್ಪು ಇದ್ರ ಲಗೂನ ಗಟ್ಟಿ ಆಗಂಗಿಲ್ರಿ. ನೀರು ಮೊದ್ಲು ಐಸ್ ಆಗತೈತಿ, ಉಪ್ಪು ನಡುವ ಹಂಗ ಉಳಿತೈತಿ,” ಎಂದಳು. ಪಾಠ ಸರಿ, ಹೊತ್ತು ಸರಿಯಿರಲಿಲ್ಲ. ಅಪ್ಪ ಓಡಿಹೋಗಿ ಹಿತ್ತಲ ಡ್ರಮ್ಮಿನಿಂದ ನಳದ್ದೇ ಬೇರೆ ನೀರು ತಂಬಿಗೆ ತುಂಬ ತಂದ. ಯಾರೂ ಕೈ ಚಾಚಲಿಲ್ಲ, ಒಬ್ಬೊಬ್ಬರೇ ಏಳತೊಡಗಿದರು. ತಂಬಿಗೆ ಹಿಡಿದು ಅವನು ಒಬ್ಬೊಬ್ಬರ ಮುಂದೆಯೂ ಹೋಗಿ ನಿಲ್ಲುವುದನ್ನು ನೋಡಿ ನನಗೆ ಅಳು ಬಂತು, ಏಕಾಂತಪ್ಪನ ಮೇಲೆ ಸಿಟ್ಟೂ ಬಂತು.

ಅಷ್ಟರಲ್ಲಿ ಅವ್ವ ಮಾಳಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಕುಂದರ್ರಿ! ತಪ್ಪು ನೀರಿಂದಲ್ಲ, ನಂದು. ಹೊಸಾ ಫ್ರಿಜ್ಜಿಗೆ ಯಾರ ಕಣ್ಣೂ ತಾಗಬಾರ್ದಂತ ಮುಂಜಾನಿ ಎರಡು ಹಿಡಿ ಉಪ್ಪು ನಿವಾಳ್ಸಿ ಕೊಡದ ನೀರಾಗ ಹಾಕಿದ್ನಿ. ಕರಗಿದ ಮ್ಯಾಲ ಹೊರಗ ಚೆಲ್ಲಬೇಕಿತ್ತು. ಅಷ್ಟರಾಗ ಇಂವ ಬಂದ. ಬೈತಾನಂತ ಕೊಡ ಅಲ್ಲೇ ಬಿಟ್ಟೆ.”

ಇಂವ ಎಂದರೆ ನಾನು, ಕ್ರಾಂತಿಕುಮಾರ್. ನಮ್ಮ ಮನೆಯಲ್ಲಿ ದೃಷ್ಟಿ ತೆಗೆಯುವುದನ್ನು ಭಾಷಣ ಮಾಡಿ ಮಾಡಿ ನಿಲ್ಲಿಸಿದ ಮಹಾಶಯ! ರೇಖಾ ಐಸಿಗೂ ಶರಬತ್ತಿಗೂ ಅದೇ ಕೊಡದ ನೀರು ಬಳಸಿದ್ದಳು, ಅವಸರದಲ್ಲಿ ಯಾರೂ ರುಚಿ ನೋಡಿರಲಿಲ್ಲ. ಓಣಿ ಬಿದ್ದು ಬಿದ್ದು ನಕ್ಕಿತು. ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು.

ಅಪ್ಪ ಒಬ್ಬನೇ ನಗಲಿಲ್ಲ. ತಂಬಿಗೆ ಹಿಡಿದು ನಿಂತೇ ಇದ್ದ. ಏಕಾಂತಪ್ಪ ಹತ್ತಿರ ಬಂದು ತಂಬಿಗೆ ಇಸಿದುಕೊಂಡ. ಶರಬತ್ತಿಲ್ಲ, ಐಸಿಲ್ಲ, ಬರೀ ನಳದ ನೀರು. ತಲೆಯೆತ್ತಿ ಗಟಗಟ ಕುಡಿದು ಮೀಸೆ ಒರೆಸಿಕೊಂಡ.

“ಎಷ್ಟ್ ವರ್ಷ ಆಗಿತ್ತೋ ಇದನ್ನ ಕುಡ್ದು! ಇನ್ನೊಂದು ತಂಬಿಗಿ ತಾರೋ ಮಾರಾಯ.”

ಅಪ್ಪ ನೀರು ತರಲು ಹಿತ್ತಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಇಣುಕಿ ನೋಡಿದೆ. ಡ್ರಮ್ಮಿನ ಪಕ್ಕ ನಿಂತು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.