ತಲೆಕೆಳಗಿನ ಹುಂಜ

ಎಡಗೈ ಹೆಬ್ಬೆರಳಿನ ಉಗುರು ಸಂದಿಯಲ್ಲಿ ಕೂತಿದ್ದ ನೀಲಿ ಬಣ್ಣ ಎಷ್ಟು ಉಜ್ಜಿದರೂ ಹೋಗಲೊಲ್ಲದು. ಹೆಂಡತಿ ಹತ್ತಿಯ ಉಂಡೆಯನ್ನು ಮತ್ತೊಮ್ಮೆ ಸೀಮೆಎಣ್ಣೆಯಲ್ಲಿ ಅದ್ದಿದಳು. ಗಂಡನ ಕೈಯನ್ನು ಮಡಿಲಿಗೆ ಎಳೆದುಕೊಂಡು, ಹಟಮಾರಿ ಮಗುವಿನ ಮೂಗು ಒರೆಸುವವಳಂತೆ ಹಲ್ಲು ಕಚ್ಚಿ ಉಜ್ಜತೊಡಗಿದಳು.

"ಸಾಕು ಬಿಡೇ, ಚರ್ಮ ಕಿತ್ತು ಬರತ್ತೆ," ಎಂದಳು ಗಂಡನ ಅಕ್ಕ. "ಕೈ ಮೇಲೆ ಬಟ್ಟೆ ಹೊದಿಸಿದ್ರಾಯ್ತು. ಉಗುರು ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ ಅಕ್ಕಾ. ಮದುವೆ ಆದಾಗಿಂದ ಈ ಮನುಷ್ಯನ್ನ ಒಂದು ದಿನಾನೂ ಕಲೆ ಇಲ್ಲದೆ ಕಂಡಿಲ್ಲ. ಇವತ್ತಾದ್ರೂ ಚೊಕ್ಕಟವಾಗಿ ಹೋಗ್ಲಿ. ಅದೊಂದೇ ನನ್ನಾಸೆ."

ಅವಳ ಆಸೆಗೆ ಅಡ್ಡಿಪಡಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಎಂದೂ ಇಲ್ಲದ ವಿಧೇಯತೆಯಿಂದ ಎರಡೂ ಕೈ ಅವಳಿಗೆ ಒಪ್ಪಿಸಿ, ನಡುಮನೆಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ನಿನ್ನೆ ಸಂಜೆ ಕೆಲಸ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಟೀ ಶರ್ಟುಗಳ ಮೇಲೆ ಚಿತ್ರ ಅಚ್ಚು ಹಾಕಿ ಮಾರುವುದು ಅವನ ಕಸುಬು. ಮನೆಯ ಹಿಂಬದಿಯ ಕೋಣೆಯೇ ಕಾರ್ಖಾನೆ, ಅವನೇ ಮಾಲೀಕ, ಅವನೇ ಕೂಲಿ. ಆರ್ಡರ್ ಹಿಡಿಯುವುದು, ಕಂಪ್ಯೂಟರಿನಲ್ಲಿ ಚಿತ್ರ ಸರಿಮಾಡುವುದು ಮಗಳ ಪಾಲು. ಬೀದಿಯವರೆಲ್ಲ ಅವನನ್ನು ಬಣ್ಣದಣ್ಣ ಎಂದೇ ಕರೆಯುತ್ತಿದ್ದರು, ನಿಜ ಹೆಸರು ಕೇಳಿದರೆ ಪೋಸ್ಟ್‌ಮ್ಯಾನ್ ಕೂಡ ಒಂದು ಕ್ಷಣ ತಲೆ ಕೆರೆದುಕೊಳ್ಳಬೇಕಿತ್ತು.

ಕೊನೆಗೂ ಉಗುರು ಬೆಳ್ಳಗಾಯಿತು. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬೀರುವಿನಿಂದ ಬಿಳಿಯ ಅಂಗಿಯೊಂದನ್ನು ತಂದಳು. ಅವನಿಗೆಂದೇ ಎಂದೋ ಕೊಂಡದ್ದು. ಕೊಟ್ಟರೆ ತಾನೇ ಹಾಳು ಮಾಡುವುದು ಎಂದು ಅವಳು ಅದನ್ನು ಕೊಟ್ಟೇ ಇರಲಿಲ್ಲ.

"ನೋಡಿ ಅಕ್ಕಾ," ಎಂದಳು ಕೊನೆಯ ಗುಂಡಿ ಹಾಕುತ್ತಾ, "ಬ್ಯಾಂಕ್ ಮ್ಯಾನೇಜರ್ ಥರ ಕಾಣ್ತಿಲ್ವಾ?"

ಅಕ್ಕ ತಮ್ಮನ ಮುಖವನ್ನೇ ನೋಡಿದಳು. "ಕಾಣ್ತಾನೆ. ಪಾಪ, ಯಾರದೋ ಅಂಗಿ ಹಾಕ್ಕೊಂಡ ಹಾಗಿದೆ."

ಹೆಂಡತಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಅಂಗಿಯ ಕಾಲರು ಸರಿಮಾಡಿದಳು.

* * *

ಅವರ ಮದುವೆ ನಡೆದದ್ದು ನೋಂದಣಿ ಕಚೇರಿಯಲ್ಲಿ. ಅವನು ಆಗಷ್ಟೇ ದೊಡ್ಡ ಮುದ್ರಣಾಲಯದ ನೌಕರಿ ಬಿಟ್ಟು ಸ್ವಂತ ಕೆಲಸ ಶುರುಮಾಡಿದ್ದ. ಮದುವೆಯ ದಿನ ಬೆಳಿಗ್ಗೆಯೂ ಒಂದು ಕೈ ಅಚ್ಚು ಹಾಕಿಯೇ ಬಂದಿದ್ದ. ರುಜು ಮಾಡಲು ಪೆನ್ನು ಹಿಡಿದಾಗ ಕಾಗದದ ಮೇಲೆ ಹಳದಿ ಹೆಬ್ಬೆರಳೊಂದು ಮೂಡಿತು.

"ಓದು ಬರಹ ಬರೋದಿಲ್ವೇನ್ರೀ?" ಎಂದು ಗುಮಾಸ್ತ ರೇಗಿದ.

"ಬರತ್ತೆ ಸಾರ್. ಎರಡೂ ಇರಲಿ, ಗಟ್ಟಿಯಾಗಿರತ್ತೆ," ಎಂದ ಮದುಮಗ.

ಫೋಟೋದವನು ಹತ್ತಿರ ನಿಲ್ಲಿ ಎಂದಾಗ ಧೈರ್ಯ ಮಾಡಿ ಅವಳ ಭುಜದ ಮೇಲೆ ಕೈ ಇಟ್ಟ. ಅವಳ ಹೊಸ ರವಿಕೆಯ ಮೇಲೆ ಐದು ಬೆರಳು ಹಾಗೇ ಇಳಿದವು. ಆ ದಿನವೇ ಅವಳು ಕಾನೂನು ಮಾಡಿದಳು: ಹಿಂಬದಿ ಕೋಣೆಯ ಹೊಸಿಲು ದಾಟಿ ಬಣ್ಣ ಈಚೆ ಬರಕೂಡದು. ಅವನು ಮನಸಾರೆ ಒಪ್ಪಿಕೊಂಡ. ಒಪ್ಪಿಕೊಂಡದ್ದನ್ನು ಮರೆಯುವುದೂ ಅವನಿಗೆ ಅಷ್ಟೇ ಸಲೀಸು. ಹಾಲಿನ ಪಾತ್ರೆಯ ಹಿಡಿ, ದೀಪದ ಸ್ವಿಚ್ಚು, ದಿಂಬಿನ ಮೂಲೆ, ಯಾವುದೂ ಉಳಿಯಲಿಲ್ಲ. ಮಗಳು ಹುಟ್ಟಿ ಮನೆಗೆ ಬಂದ ದಿನ ಮಗುವಿನ ಅಂಗಾಲು ಹಸಿರಾಗಿದ್ದು ಕಂಡು ಅವಳು ಹೌಹಾರಿ ಡಾಕ್ಟರಿಗೆ ಫೋನು ಮಾಡಿದ್ದಳು. ಅಪ್ಪ ಮುದ್ದಿಸಿ ಹೋಗಿದ್ದಾನೆಂದು ಆಮೇಲೆ ಹೊಳೆಯಿತು.

"ಕೈ ತೊಳ್ಕೊಂಡು ಬರೋಕೇನ್ರೀ ರೋಗ?"

"ತೊಳ್ಕೊಂಡೆನಲ್ಲೇ! ಅದು ನನ್ನ ಬಿಟ್ಟು ಹೋಗಲ್ಲ ಅಂತದೆ, ನಿನ್ನ ಹಾಗೇ."

ಅವಳು ಸೋಪು ಎಸೆಯುತ್ತಿದ್ದಳು. ಅವನು ಅದನ್ನು ಹಿಡಿದು, ಹಿಡಿದ ಗುರುತಿನೊಂದಿಗೆ ವಾಪಸು ಕೊಡುತ್ತಿದ್ದ.

* * *

ಹೊತ್ತೇರುತ್ತಿದ್ದಂತೆ ಜನ ಬರತೊಡಗಿದರು. ನಡುಮನೆ ಇಕ್ಕಟ್ಟು. ಮಂಚದ ಎರಡು ಬದಿಗೂ ನೆಂಟರು ಕುರ್ಚಿ ಹಾಕಿಕೊಂಡು ಕೂತಿದ್ದರಿಂದ ಬಂದವರಿಗೆ ಬಾಗಿಲ ಕಡೆ, ಅಂದರೆ ಅವನ ತಲೆಯ ಕಡೆ ಮಾತ್ರ ನಿಲ್ಲಲು ಜಾಗವಿತ್ತು. ಹೆಂಡತಿ ಪಕ್ಕದಲ್ಲೇ ಕಾವಲು ನಿಂತು, ಹೂ ಇಡಲು ಬಂದವರ ಕೈಗಳನ್ನೂ ಒಮ್ಮೆ ಕಣ್ಣಲ್ಲೇ ಪರೀಕ್ಷಿಸಿ ಬಿಡುತ್ತಿದ್ದಳು.

"ಒಂದೇ ಒಂದು ಅಂಗಿ ಬೇಕು ಅಂದ್ರೂ ಇಲ್ಲ ಅಂತಿರ್ಲಿಲ್ಲ," ಎಂದ ಕ್ಷೌರದಂಗಡಿಯವನು. "ನನ್ನ ನಾಯಿ ಮುಖ ಹಾಕ್ಕೊಡು ಅಂದೆ. ಹಾಕ್ಕೊಟ್ಟ. ನೋಡಿದ್ರೆ ನಮ್ಮ ಮಾವನ ಥರಾನೇ ಇತ್ತು."

"ಮತ್ತೇನು ಮಾಡಿದ್ರಿ?" ಎಂದರು ಕೂತಿದ್ದವರಲ್ಲಿ ಯಾರೋ.

"ಮಾವನಿಗೇ ಕೊಟ್ಟೆ. ತುಂಬಾ ಖುಷಿಪಟ್ರು."

ಕೂತಿದ್ದವರು ಬಾಯಿಗೆ ಕರ್ಚೀಫು ಒತ್ತಿಕೊಂಡು ನಕ್ಕರು. ನಗಬಹುದೋ ಬಾರದೋ ಎಂದು ಹೆಂಡತಿಯ ಮುಖ ನೋಡಿದರು. ಅವಳೂ ನಗುತ್ತಿದ್ದಳು.

ಅಷ್ಟರಲ್ಲಿ ವಾಕಿಂಗ್ ಬಳಗದವರು ಬಂದರು. ದಿನಾ ಮುಂಜಾನೆ ಉದ್ಯಾನದಲ್ಲಿ ಸುತ್ತು ಹಾಕುವ ಹತ್ತು ಹನ್ನೆರಡು ಮಂದಿ ನಿವೃತ್ತರು. ಅವರ ಮುಖಂಡರು ಡ್ರಾಯಿಂಗ್ ಮೇಷ್ಟ್ರು, ಎತ್ತರದ ಆಳು, ಬಣ್ಣದಣ್ಣನ ಹಳೆಯ ಗೆಳೆಯ. ಅವರು ಮಗಳನ್ನು ಬಾಗಿಲ ಹೊರಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು.

"ಹೀಗೆ ಕೇಳ್ಬಾರದು ಕಣಮ್ಮಾ. ಆದ್ರೂ... ನಮ್ಮ ಈ ವರ್ಷದ ಅಂಗಿ ಆಗಿತ್ತಾ?"

"ನಿನ್ನೆ ಅದನ್ನೇ ಮಾಡ್ತಿದ್ರು ಮೇಷ್ಟ್ರೇ."

"ಹಾಗಾದ್ರೆ ಕೊಡ್ತೀಯಾ? ಅವನು ಕೊನೇದಾಗಿ ಅಚ್ಚು ಹಾಕಿದ್ದು. ಅದನ್ನ ಹಾಕ್ಕೊಂಡೇ ಅವನಿಗೆ ಹೆಗಲು ಕೊಡ್ಬೇಕು ಅಂತ ನಮ್ಮೆಲ್ಲರಿಗೂ ಆಸೆ."

"ತರ್ತೀನಿ," ಎಂದಳು ಮಗಳು. ಹಿಂಬದಿ ಕೋಣೆಗೆ ಹೋಗಿ ನೋಡಿದರೆ, ತಯಾರಾದ ಮಾಲು ಇಡುವ ಕಪಾಟಿನಲ್ಲಿ ಅಂಗಿಗಳು ಓರಣವಾಗಿ ಮಡಿಚಿ ಕೂತಿದ್ದವು. ಮುಟ್ಟಿ ನೋಡಿದಳು, ಒಣಗಿತ್ತು. ಎಲ್ಲರಿಗೂ ಹಂಚಿದಳು. ಮುದುಕರು ಅಂಗಳದಲ್ಲೇ ಒಬ್ಬೊಬ್ಬರಾಗಿ ಅಂಗಿ ಬದಲಿಸಿ, ಎದೆಯ ಮೇಲೆ ಕೆಂಪು ಹುಂಜ ಹೊತ್ತು ಒಳಗೆ ಬಂದರು. ಎಲ್ಲ ಹುಂಜಗಳ ಕಾಲೂ ಮೇಲೆ, ಜುಟ್ಟು ಕೆಳಗೆ.

"ಇದೇನೇ ಇದು, ಕೋಳಿ ತಲೆಕೆಳಗೆ?" ಎಂದು ಅಕ್ಕ ಪಿಸುಗುಟ್ಟಿದಳು.

"ಅದೊಂದು ದೊಡ್ಡ ಕತೆ ಅಕ್ಕಾ," ಎಂದಳು ಹೆಂಡತಿ. "ಅದಕ್ಕೂ ನಾನೇ ಕಾರಣ."

* * *

ಅಚ್ಚು ಹಾಕುವ ಮೇಜಿನ ಒಂದು ತುದಿಯಲ್ಲಿ ಅವನು ಕಪ್ಪು ಗುರುತು ಬಳಿದಿದ್ದ. ಅಂಗಿಯ ಕತ್ತು ಆ ಗುರುತಿಗೆ ಬರಬೇಕು. ಅಂಗಿ ಹಾಸುವುದು, ಚಿತ್ರದ ಚೌಕಟ್ಟನ್ನು ಅದರ ಮೇಲಿಡುವುದು, ಬಣ್ಣ ಸುರಿದು ರಬ್ಬರು ಪಟ್ಟಿಯಿಂದ ಎಳೆಯುವುದು. ಹಾಡು ಗುನುಗುತ್ತಾ, ನೋಡದೆಯೇ ಮಾಡುತ್ತಿದ್ದ ಕೆಲಸ.

ವಾಕಿಂಗ್ ಬಳಗದವರು ಮೊದಲ ಸಲ ನಡಿಗೆ ಸ್ಪರ್ಧೆಗೆ ಹೆಸರು ಕೊಟ್ಟಾಗ ಮೇಷ್ಟ್ರು ತಾವೇ ಒಂದು ಹುಂಜದ ಚಿತ್ರ ಬರೆದು ತಂದುಕೊಟ್ಟರು. ಅದನ್ನು ಅಚ್ಚು ಹಾಕುವ ಹಿಂದಿನ ದಿನ ಹೆಂಡತಿ ಆ ಕೋಣೆಗೆ ನುಗ್ಗಿ, ನೆಲದ ಕಲೆ ತಿಕ್ಕಲೆಂದು ಮೇಜು ಸರಿಸಿದ್ದಳು. ವಾಪಸು ಇಡುವಾಗ ಅದು ತಿರುಗುಮುರುಗಾಯಿತು. ಆಚೆ ತುದಿಯಲ್ಲಿದ್ದ ಗುರುತು ಅವನ ಹೊಟ್ಟೆಯ ಕಡೆ ಬಂತು. ಅವನು ಎಂದಿನಂತೆ ಕತ್ತನ್ನು ಗುರುತಿಗಿಟ್ಟ, ಚೌಕಟ್ಟನ್ನು ತನ್ನ ಕಣ್ಣಿಗೆ ನೆಟ್ಟಗಿಟ್ಟ, ಎಳೆದ. ಹಾಡು ಮುಗಿಯುವ ಹೊತ್ತಿಗೆ ಇಡೀ ಆರ್ಡರು ಮುಗಿದಿತ್ತು.

ಸಂಜೆ ಬಂದ ಮೇಷ್ಟ್ರು ಅಂಗಿ ತೊಟ್ಟು, ಕತ್ತು ಬಗ್ಗಿಸಿ ಎದೆ ನೋಡಿಕೊಂಡು, "ಭೇಷ್! ಎಷ್ಟು ಚೆನ್ನಾಗಿ ನಿಂತಿದೆ!" ಎಂದರು. ಎದುರಿಗಿದ್ದವರು ಬಿದ್ದು ಬಿದ್ದು ನಕ್ಕರು. ಕನ್ನಡಿಯ ಮುಂದೆ ನಿಂತಾಗ ಮೇಷ್ಟ್ರಿಗೆ ವಿಷಯ ತಿಳಿಯಿತು. ತಾವು ಪ್ರೀತಿಯಿಂದ ಬರೆದ ಹುಂಜ ಬಾವಲಿಯಾಗಿತ್ತು.

"ಏನಯ್ಯಾ ಇದು? ಬೆಳಿಗ್ಗೆ ಸ್ಪರ್ಧೆ!"

ಬಣ್ಣದಣ್ಣನಿಗೆ ತನ್ನ ತಪ್ಪು ಹೊಳೆದದ್ದೂ ಆಗಲೇ. ಆದರೂ ಮುಖ ಮಾತ್ರ ಅಲುಗಲಿಲ್ಲ. "ನಿಮಗೆ ಹೇಗೆ ಕಾಣ್ತು ಮೇಷ್ಟ್ರೇ? ಸರಿಯಾಗಿ ತಾನೇ? ಅಂಗಿ ನಿಮ್ಮದು. ಹಾಕ್ಕೊಂಡೋರು ನೋಡಿ ಖುಷಿಪಡ್ಬೇಕೋ, ದಾರೀಲಿ ಹೋಗೋರೋ?"

ಬೇರೆ ಮಾಡಲು ಸಮಯವಿರಲಿಲ್ಲ, ಬಳಗದವರು ಅವೇ ಅಂಗಿ ತೊಟ್ಟು ನಡೆದರು. ಸ್ಪರ್ಧೆಯಲ್ಲಿ ಕಡೆಯವರಾಗಿ ಬಂದರೂ ಜನ ಫೋಟೋ ತೆಗೆದದ್ದು ಅವರದ್ದೇ. ಈ ಅಂಗಿ ಮಾಡಿದವರ್ಯಾರು ಎಂದು ಕೇಳಿಕೊಂಡು ಮನೆ ಬಾಗಿಲಿಗೆ ಗಿರಾಕಿಗಳು ಬಂದರು. ಮುಂದಿನ ವರ್ಷ ಬಣ್ಣದಣ್ಣ ಹುಂಜವನ್ನು ನೆಟ್ಟಗೆ ಹಾಕಲು ಹೋದರೆ ಬಳಗದವರೇ ಬಿಡಲಿಲ್ಲ. ಮೇಷ್ಟ್ರೊಬ್ಬರು ಮಾತ್ರ ಪ್ರತಿವರ್ಷ ಅಂಗಿ ಕೈಗೆ ಬಂದಾಗ, "ನನ್ನ ಹುಂಜ ಒಂದು ಸಲ ಕಾಲ ಮೇಲೆ ನಿಂತಿದ್ದು ನೋಡ್ಬೇಕಿತ್ತು," ಎಂದು ಗೊಣಗುತ್ತಿದ್ದರು.

* * *

ಗಾಡಿ ಬರುವ ಹೊತ್ತಾಯಿತು. ಮಗಳು ದೀಪ ಆರಿಸಲೆಂದು ಹಿಂಬದಿ ಕೋಣೆಗೆ ಹೋದವಳು ಹಾಗೇ ನಿಂತುಬಿಟ್ಟಳು. ಬಣ್ಣಕ್ಕೆ ಬಿಸಿ ಕೊಡುವ ಒಲೆಗೆ ಇನ್ನೂ ಹೊದಿಕೆ ಹಾಕಿಯೇ ಇತ್ತು.

"ಅತ್ತೇ, ಆ ಅಂಗಿಗಳನ್ನ ಕಪಾಟಲ್ಲಿ ಇಟ್ಟಿದ್ದು ಯಾರು?" ಎಂದು ಹಿಂದೆಯೇ ಬಂದಿದ್ದ ಅಪ್ಪನ ಅಕ್ಕನನ್ನು ಕೇಳಿದಳು.

"ನಾನೇ ಕಣೇ. ಆ ಹಲಗೆಗಳ ಮೇಲೆ ಹರಡಿಕೊಂಡು ಬಿದ್ದಿದ್ವು. ಮನೆ ತುಂಬ ಜನ ಬರ್ತಾರೆ, ಅಸಹ್ಯ ಅಂತ ಮಡಿಚಿಟ್ಟೆ."

"ಅಯ್ಯೋ ಅತ್ತೇ! ಅದಕ್ಕಿನ್ನೂ ಬಿಸಿ ಕೊಟ್ಟಿಲ್ಲ!"

ಬಿಸಿ ಕಾಣದ ಆ ಬಣ್ಣ ಮೇಲೆ ಒಣಗಿದಂತೆ ತೋರಿದರೂ ಒಳಗೆ ಹಸಿಯೇ. ಮೈಶಾಖ ತಗುಲಿ ಒತ್ತಿದರೆ ಸಾಕು, ಎದುರಿಗಿದ್ದದ್ದಕ್ಕೆ ಅಂಟಿಕೊಳ್ಳುತ್ತದೆ. ಅತ್ತೆಯ ಹೆಗಲ ಮೇಲೆ ಆಗಲೇ ಕೆಂಪು ರೆಕ್ಕೆಯೊಂದು ಮೂಡಿದ್ದನ್ನು ಮಗಳು ಕಂಡಳು. ನಡುಮನೆಗೆ ಓಡಿದಳು. ಅಲ್ಲಿ ಬಳಗದವರು ಕಂಡಕಂಡವರನ್ನು ತಬ್ಬಿ ಸಮಾಧಾನ ಹೇಳುತ್ತಿದ್ದರು. ಕ್ಷೌರದಂಗಡಿಯವನ ಜೇಬಿನ ಮೇಲೆ ಬಾಲ, ಸೋದರಮಾವನ ಬೆನ್ನ ಮೇಲೆ ಪೂರಾ ಹುಂಜ.

"ಯಾರೂ ಯಾರನ್ನೂ ತಬ್ಬಬೇಡಿ!" ಎಂದು ಮಗಳು ಕೂಗಿದಳು.

ಜನ ಬೆಚ್ಚಿ ದೂರ ದೂರ ಸರಿದರು. ಆದರೆ ಮೇಷ್ಟ್ರು ಅಷ್ಟರಲ್ಲಿ ಮಂಚದ ತಲೆಯ ಕಡೆಯಿಂದ ಬಗ್ಗಿ, ಗೆಳೆಯನ ಎದೆಗೆ ಎದೆಯೊತ್ತಿ, ಹಿಡಿದುಕೊಂಡುಬಿಟ್ಟಿದ್ದರು. ಅವರ ಬೆನ್ನು ಅಳುವಿಗೆ ಕುಲುಕುತ್ತಿತ್ತು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಅವರು ಎದ್ದರು. ಕನ್ನಡಕ ಒರೆಸಿ ಹಾಕಿಕೊಂಡು, ಕೆಳಗೆ ನೋಡಿದರು.

ಬಿಳಿಯ ಅಂಗಿಯ ಮೇಲೆ ಕೆಂಪು ಹುಂಜ ಇಳಿದಿತ್ತು. ಮೇಷ್ಟ್ರು ತಲೆಯ ಕಡೆಯಿಂದ ಬಗ್ಗಿದ್ದರಿಂದ ಅದು ಜುಟ್ಟು ಮೇಲೆ, ಕಾಲು ಕೆಳಗೆ ಮಾಡಿಕೊಂಡು ಅವನ ಎದೆಯ ಮೇಲೆ ನೆಟ್ಟಗೆ ನಿಂತಿತ್ತು. ಒಂದು ಗುಂಡಿ ಸರಿಯಾಗಿ ಅದರ ಹೊಟ್ಟೆಯ ನಡುವೆ ಬಂದಿತ್ತು.

"ನಿಂತಿದೆ," ಎಂದರು ಮೇಷ್ಟ್ರು. ಆಮೇಲೆ ಎಚ್ಚರವಾಗಿ ಕೈಮುಗಿದರು. "ತಾಯೀ, ದೊಡ್ಡ ತಪ್ಪಾಯ್ತು. ನನಗೆ ಗೊತ್ತಾಗ್ಲಿಲ್ಲ..."

ಬೆಳಗಿನಿಂದ ಅವಳು ಪಟ್ಟ ಪಾಡು ಎಲ್ಲರಿಗೂ ಗೊತ್ತಿತ್ತು. ಅಕ್ಕ ಮುಂದೆ ಬಂದು, "ಬೇರೆ ಅಂಗಿ ಇದ್ರೆ ಕೊಡೇ, ಗಾಡಿ ಬರೋದ್ರೊಳಗೆ ಬದಲಾಯಿಸೋಣ," ಎಂದಳು.

ಹೆಂಡತಿ ಮಂಚದ ಬಳಿ ಬಂದಳು. ಅಂಗಿ ನೋಡಿದಳು, ಮುಖ ನೋಡಿದಳು. ಬೆಳಗಿನಿಂದ ಯಾರೋ ಪರಕೀಯನಂತೆ ಮಲಗಿದ್ದವನು ಈಗ ತನ್ನ ಗಂಡನಾಗಿ ಕಂಡ. ಅವಳಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಗು ನಿಲ್ಲಲಿಲ್ಲ.

"ಹೊರಡೋ ದಿನಾನೂ ನನ್ನ ಮಾತು ಕೇಳ್ಲಿಲ್ವಲ್ರೀ!"

ಮೊದಲು ಮೇಷ್ಟ್ರು ನಕ್ಕರು, ಆಮೇಲೆ ಮನೆಯೇ ನಕ್ಕಿತು. ಅವಳು ಮೂಗು ಒರೆಸಿಕೊಂಡು ಮಗಳ ಕಡೆ ತಿರುಗಿದಳು.

"ಆ ಬಿಸಿಗಾಳಿ ಊದೋ ಗನ್ ತಗೊಂಡು ಬಾ. ಹೀಗೇ ಬಿಟ್ರೆ ಮೇಲೆ ಬಟ್ಟೆ ಹೊದಿಸಿದಾಗ ಕಲಸಿಹೋಗತ್ತೆ."

"ನಾನು ಮಾಡ್ತೀನಮ್ಮಾ, ನಿಂಗೆ ಗೊತ್ತಾಗಲ್ಲ."

"ಬಾಗಿಲಲ್ಲಿ ನಿಂತು ಬೈತಾ ಬೈತಾ ಜೀವಮಾನವೆಲ್ಲ ನೋಡಿದೀನಿ. ಕೊಡಿಲ್ಲಿ."

ಹೊರಗೆ ಗಾಡಿ ಬಂದು ನಿಂತಿತು. ಸ್ವಲ್ಪ ಕಾಯಲು ಹೇಳಿ ಎಂದು ಕ್ಷೌರದಂಗಡಿಯವನನ್ನು ಕಳಿಸಿದರು. ಹೆಂಡತಿ ಮಂಚದ ಅಂಚಿನಲ್ಲಿ ಕೂತು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದಳು. ಬಿಸಿ ಅವನ ಮೈಗೆ ತಾಗಬಾರದೆಂದು ತನ್ನ ಎಡಗೈಯನ್ನು ಒಳಗೆ ತೂರಿಸಿ, ಬಟ್ಟೆಗೂ ಎದೆಗೂ ನಡುವೆ ಅಂಗೈ ಬಿಡಿಸಿಟ್ಟಳು. ಬಲಗೈಯಲ್ಲಿ ಗನ್ ಹಿಡಿದು ಹುಂಜದ ಜುಟ್ಟಿನಿಂದ ಕಾಲಿನವರೆಗೆ ನಿಧಾನವಾಗಿ ಆಡಿಸತೊಡಗಿದಳು. ಕೈ ಚುರುಗುಟ್ಟಿದಾಗ ಹೊರಗೆ ತೆಗೆದು, ಒಮ್ಮೆ ಊದಿಕೊಂಡು, ಮತ್ತೆ ಅಲ್ಲಿಯೇ ಇಟ್ಟಳು.